ಮರದ ಮೇಲಣ ತೆಳುಬಿಳುಪು

ಬೀದರದ ಕೋಟೆಯನ್ನು ನೋಡಬಂದವರು ಸೋಳಾ ಖಂಬ ಮಸೀದಿಯನ್ನೂ ತಖ್ತ ಮಹಲಿನ ಹಾಳು ಗೋಡೆಗಳನ್ನೂ ಕಂಡು ಹಿಂದಿರುಗುವುದು ವಾಡಿಕೆ. ಗುಂಬದ ದರವಾಜೆಯ ಬಳಿಯಲ್ಲಿರುವ ರಂಗೀನ ಮಹಲಿನ ಬಾಗಿಲು ಅನೇಕ ವೇಳೆ ಮುಚ್ಚಿರುವುದರಿಂದ, ಅದರೊಳಗಣ ಕೆಲಸವನ್ನು ಸಾವಕಾಶವಾಗಿ ನೋಡಿದವರು ನಮ್ಮ ಜಿಲ್ಲೆಯಲ್ಲಿಯೇ ವಿರಳರು. ಬರೀದಶಾಹಿ ಮನೆತನದ ಅಲಿ ಬರೀದನ ಆಳಿಕೆಯಲ್ಲಿ (1542–1580) ಈ ಅರಮನೆಗೆ ಅದರ ಮುಖ್ಯವಾದ ಅಲಂಕಾರಗಳೊದಗಿದುವು. ಹೈದರಾಬಾದು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿದ್ದ ಗುಲಾಮ ಯಜ್ದಾನಿಯವರು ಬೀದರದ ಇತಿಹಾಸ ಮತ್ತು ಸ್ಮಾರಕಗಳನ್ನು ಕುರಿತು 1947ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ ಇದನ್ನು ವಿಸ್ತಾರವಾಗಿ ವರ್ಣಿಸಿರುವರು. ಅಲ್ಲಿ ಕಾಣತಕ್ಕ ಕೆಲಸ ಮೂರು ಬಗೆಯದು: ಬಣ್ಣದ ಹೊಳಪು ಬಿಲ್ಲೆಗಳು; ಕರಿಯ ಕಲ್ಲಿನಲ್ಲಿ ಕೂಡಿಸಿದ ಮುತ್ತಿನ ಚಿಪ್ಪು; ಮರದ ಕಂಬ, ಬೋದಿಗೆ, ಚಾಚುತೊಲೆಗಳ ಮೇಲಣ ಕೆತ್ತನೆ.

ನೋಡಿದವರೆಲ್ಲರೂ ಮುತ್ತಿನ ಚಿಪ್ಪನ್ನು ಹೊಗಳುವರು. ಹೊಗಳತಕ್ಕದ್ದೇ ಸರಿ. ಆದರೆ ಅದರ ಬಿಳುಪು ಯಾವ ಬಗೆಯದೆಂದು ಕೇಳುವವರಿಲ್ಲ. ಸುಣ್ಣ ಬಳಿದ ಗೋಡೆಯ ಬಿಳುಪು ಅದಲ್ಲ. ಚಿಪ್ಪೆಂಬುದು ಸುಣ್ಣದ ಜಾತಿಯ ಪದಾರ್ಥವೇ ಆದರೂ ಅತಿ ತೆಳುವಾದ ಪದರುಗಳಾಗಿ ಒಂದರ ಮೇಲೊಂದು ಕೂಡಿರುವುದರಿಂದ, ಬೆಳಕು ಅದರ ಮೇಲ್ಮೈಯಲ್ಲಿಯೇ ನಿಲ್ಲದೆ ಒಳಹೊಕ್ಕು, ಪದರು ಪದರಿನಿಂದ ತಿರುಗಿ ಹೊರಬರುವುದು. ಕಣ್ಣಿಗೆ ಕಾಣುವ ಬಿಳುಪಿಗೆ ಒಂದು ಆಳವಿರುವುದು ಇದರಿಂದಲೇ. ಇಂತಹ, ಅರ್ಧ ಮರೆಮಾಡಿ ಅರ್ಧ ತೋರಿಸುವ ಬಿಳುಪನ್ನು ಮರದ ಮೇಲೆ ತರುವುದೊಂದು ಕೆಲಸವಿದೆ. ಮರದ ಎಳೆಗಳು ಕಾಣುತ್ತಿರಬೇಕು. ಆದರೂ ಮರವು ಬೆಳ್ಳಗಿರಬೇಕು. ಇದಕ್ಕೆ ನಾನು ತೆಳುಬಿಳುಪೆಂದು ಹೆಸರಿಟ್ಟಿದ್ದೇನೆ. ಇದಕ್ಕಿಂತ ಒಳ್ಳೆಯ ಹೆಸರು ವಾಚಕರಿಗೆ ತೋರಿದರೆ ಸಂತೋಷದಿಂದ ಒಪ್ಪುವೆನು.

ಈ ವಿಷಯವು ನನ್ನ ತಲೆಗೆ ಹತ್ತಿದ್ದು ಅರಮನೆಯಿಂದಲ್ಲ, ಒಂದು ತೊಟ್ಟಿಲಿನಿಂದ. ಔರಾದಿನಲ್ಲಿ ನಮ್ಮ ಸೋದರಮಾವನವರ ಮನೆಯಲ್ಲಿ ಒಂದು ಹಳೆಯ ಮರದ ತೊಟ್ಟಿಲಿದೆ. ನಾಲ್ಕು ಮೂಲೆಗಳಲ್ಲಿ ನಾಲ್ಕು ಗಿಳಿ, ಪಕ್ಕದ ಹಲಗೆಯಲ್ಲಿ ಬಳ್ಳಿ. ನಮ್ಮ ತಾಯಿ, ಅವರ ಅಣ್ಣತಮ್ಮಂದಿರು, ನಾವು, ನಮ್ಮ ಮಕ್ಕಳು ಎಲ್ಲರೂ ಅದರಲ್ಲಿ ಮಲಗಿದವರೇ. ಪ್ರತಿಯೊಂದು ನಾಮಕರಣಕ್ಕೂ ಮನೆಯವರು ಅದಕ್ಕೊಂದು ಕೈ ಬಿಳಿಯ ಎಣ್ಣೆಬಣ್ಣ ಬಳಿಸುತ್ತ ಬಂದರು. ಹೊಸ ಮಗುವಿಗೆ ಹೊಸ ತೊಟ್ಟಿಲೆಂಬ ಭಾವನೆ, ತಪ್ಪೆನ್ನಲಾಗದು. ಆದರೆ ಕೈಮೇಲೆ ಕೈ ಕೂಡಿ ಗಿಳಿಗಳ ಕೊಕ್ಕು ಹೋಯಿತು, ರೆಕ್ಕೆಯ ಗೆರೆಗಳು ಹೋದುವು, ಬಳ್ಳಿಯು ಊದಿಕೊಂಡ ಹಗ್ಗದಂತಾಯಿತು. ಕಳೆದ ವರ್ಷ ಮಗಳ ಬಾಣಂತನಕ್ಕಾಗಿ ಅದನ್ನು ಬೀದರಕ್ಕೆ ತರಿಸಿದೆವು. ಹಗ್ಗ ಪೋಣಿಸುವ ರಂಧ್ರದ ಅಂಚಿನಲ್ಲಿ ಬಣ್ಣವು ಒಂದು ಕಾಸಿನಷ್ಟಗಲ ಸಿಡಿದುಹೋಗಿತ್ತು. ಅದರ ತಳದಲ್ಲಿ ಮರಕ್ಕೆ ಹತ್ತಿಕೊಂಡಂತೆ ಒಂದು ಬಿಳುಪು. ಅದರೊಳಗಿಂದ ಮರದ ಎಳೆಗಳು ಹಾಲಿನೊಳಗಿನ ಕೂದಲಿನಂತೆ ಕಾಣುತ್ತಿದ್ದುವು. ತೊಟ್ಟಿಲನ್ನು ಮಾಡಿದವನು ಬಿಟ್ಟುಹೋದ ಬಿಳುಪು ಅದು. ಮೇಲಿನ ದಪ್ಪ ಬಿಳುಪು ನಮ್ಮದು.

ಮೇಲೆ ಮೇಲೆ ಹೊದಿಸಿ ಮೂಲವನ್ನು ಮರೆಯಾಗಿಸುವುದು ನಮ್ಮಂತಹರ ಮನೆಯ ತೊಟ್ಟಿಲಿಗಷ್ಟೇ ಬಂದ ಗತಿಯಲ್ಲ. ಬಹಮನೀ ಸುಲ್ತಾನರ ಫಿರೋಜಾ ಸಿಂಹಾಸನದ ಕಥೆಯನ್ನು ವಿಜಾಪುರದಲ್ಲಿದ್ದುಕೊಂಡು ಇತಿಹಾಸ ಬರೆದ ಫೆರಿಷ್ತಾ ಹೇಳಿರುವನು. ಮೊದಲನೆಯ ಮಹಮ್ಮದ ಶಾಹನ ಕಾಲದಲ್ಲಿ (1358–1375) ತೆಲಂಗಾಣದ ಅರಸನಿಂದ ಕಲಬುರಗಿಗೆ ಬಂದ ಆ ಸಿಂಹಾಸನವು ಕರಿಮರದ್ದು. ಮೇಲೆ ಚಿನ್ನದ ತಗಡು, ಅದರ ಮೇಲೆ ಆಕಾಶವರ್ಣದ ಮೀನಾ ಕೆಲಸ. ಫಿರೋಜಾ ಎಂಬ ಹೆಸರು ಬಂದುದು ಆ ಬಣ್ಣದಿಂದ. ಮುಂದೆ ಬಂದ ಒಬ್ಬೊಬ್ಬ ಸುಲ್ತಾನನೂ ತನ್ನ ಪಾಲಿನ ರತ್ನಗಳನ್ನು ಕೂಡಿಸುತ್ತ ಹೋದುದರಿಂದ, ಕಡೆಗೆ ಹೆಸರಿಗೆ ಕಾರಣವಾದ ಬಣ್ಣವೇ ಕಾಣದಾಯಿತಂತೆ. ರಾಜಧಾನಿ ಬೀದರಕ್ಕೆ ಬಂದ ಮೇಲೆ, ಮಹಮೂದ ಶಾಹನ ಆಳಿಕೆಯಲ್ಲಿ (1482–1518), ಆ ರತ್ನಗಳಿಂದ ಪಾನಪಾತ್ರೆಗಳನ್ನು ಮಾಡಿಸಬೇಕೆಂದು ಸಿಂಹಾಸನವನ್ನೇ ಬಿಚ್ಚಿಹಾಕಿದರು. ಮೇಲಿನದಕ್ಕೆ ಬೆಲೆ ಹೆಚ್ಚಾದಾಗ ಒಳಗಿನದಕ್ಕೆ ಉಳಿಗಾಲವಿಲ್ಲವೆಂಬುದನ್ನು ಇಲ್ಲಿ ಕಾಣಬಹುದು. ಆದರೆ ಸಿಂಹಾಸನವನ್ನು ಬಿಟ್ಟು ನಮ್ಮ ಬಿಳುಪಿಗೆ ಬರೋಣ.

ಈ ಸೀಮೆಯಲ್ಲಿ ಬಿಳಿಯ ಲೇಪವನ್ನು ಕುರಿತ ಹಳೆಯ ಬರಹವನ್ನು ಹುಡುಕಲು ದೂರ ಹೋಗಬೇಕಾದುದಿಲ್ಲ. ನಮ್ಮ ಜಿಲ್ಲೆಯದೇ ಆದ ಕಲ್ಯಾಣದಲ್ಲಿ ಆಳಿದ ಚಾಳುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಚಿತ್ರಕರ್ಮದ ಪ್ರಕರಣವೊಂದಿದೆ. ಹೊಸದಾದ ಎಮ್ಮೆಯ ಚರ್ಮವನ್ನು ನೀರಿನಲ್ಲಿ ಬೆಣ್ಣೆಯಷ್ಟು ಮೃದುವಾಗುವ ತನಕ ಬೇಯಿಸಿ, ಕಡ್ಡಿಗಳಾಗಿ ಮಾಡಿ ಒಣಗಿಸಿಡುವುದು. ಬೇಕಾದಾಗ ಬಿಸಿನೀರಿನಲ್ಲಿ ಕರಗಿಸುವುದು. ಇದರ ಹೆಸರು ವಜ್ರಲೇಪ. ಇದರೊಡನೆ ಬಿಳಿಯ ಮಣ್ಣನ್ನು ಕಲಸಿ ಒಣಗಿದ ಗೋಡೆಗೆ ಮೂರು ಸಲ ಬಳಿಯಬೇಕೆಂದು ವಿಧಿ. ಶುದ್ಧವರ್ಣಗಳನ್ನೆಣಿಸುವಲ್ಲಿ ಬಿಳುಪಿಗೆ ಶಂಖವನ್ನು ಹೇಳಿದೆ. ಗ್ರಂಥಕರ್ತನು ಹೇಳುತ್ತಿರುವುದು ಗೋಡೆಯ ವಿಷಯ, ಮರದ ವಿಷಯವಲ್ಲವೆಂಬುದನ್ನು ನಾನು ಮರೆತಿಲ್ಲ. ಆದರೆ ಚರ್ಮದ ಆ ಅಂಟಿಗೆ ದಕ್ಷಿಣದೇಶದ ಬಡಿಗರು ‘ವಜ್ರ’ವೆಂದೇ ಹೆಸರಿಟ್ಟುಕೊಂಡು ಬಂದಿರುವರು. ಶಬ್ದವು ರಾಜನ ಗ್ರಂಥದಲ್ಲಿಯೂ ಬಡಿಗನ ಗಡಿಗೆಯಲ್ಲಿಯೂ ಒಂದೇ ಆಗಿರುವಾಗ, ಪದಾರ್ಥವು ಗೋಡೆಯಿಂದ ಮರಕ್ಕೆ, ಅಥವಾ ಮರದಿಂದ ಗೋಡೆಗೆ, ಹೋಗಿಬರುತ್ತಿತ್ತೆಂದು ಊಹಿಸುವುದು ಸಾಹಸವಾಗಲಾರದು.

ಮರದ ಮೇಲೆ ಇಂತಹ ಲೇಪವನ್ನು ಬಿಡದೆ ನಡೆಸಿಕೊಂಡು ಬಂದವರು ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು. ಹಗುರವಾದ ಮರದಿಂದ ಬೊಂಬೆಯ ಅವಯವಗಳನ್ನು ಕೊರೆದು ಜೋಡಿಸಿ, ಹುಣಸೆಬೀಜದ ಸರಿ, ಮರದ ಹೊಟ್ಟು, ಸೆಣಬಿನ ಚಿಂದಿಯ ಪುಡಿ ಇವುಗಳಿಂದಾದ ಕಿಟ್ಟವನ್ನು ಕೈಯಿಂದ ಮೆತ್ತಿ, ಅದರ ಮೇಲೆ ಬಟ್ಟೆಯ ತುಂಡುಗಳನ್ನಂಟಿಸಿ, ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿಯುವರು. ಬಣ್ಣಗಳು ನಿಲ್ಲುವುದು ಈ ಬಿಳಿಯ ನೆಲದ ಮೇಲೆ. ಅವರ ಕೆಲಸದಲ್ಲಿ ಮರವನ್ನು ಪೂರ್ತಿಯಾಗಿ ಮುಚ್ಚುವುದೇ ಉದ್ದೇಶ. ಚನ್ನಪಟ್ಟಣದವರ ಕೆಲಸ ಇದಕ್ಕೆ ತೀರ ಬೇರೆ. ಅಲ್ಲಿ ಹಾಲೆಯ ಮರವೇ ದಂತದಂತೆ ಬೆಳ್ಳಗಿರುವುದು. ತಿರುಗುವ ಮರಕ್ಕೆ ಅರಗಿನ ಕಡ್ಡಿಯನ್ನೊತ್ತಿದರೆ ಉಜ್ಜಿದ ಕಾವಿಗೆ ಅರಗು ಕರಗಿ ಹತ್ತಿಕೊಳ್ಳುವುದು. ಆಮೇಲೆ ಒಣಗಿದ ತಾಳೆಗರಿಯಿಂದ ತಿಕ್ಕಿ ಹೊಳಪು ಕೊಡುವರು. ಅರಗು ಪಾರದರ್ಶಕ. ಹೀಗೆ ಒಂದೆಡೆ ಬಿಳುಪು ಮರವನ್ನು ಮುಚ್ಚಿತು, ಇನ್ನೊಂದೆಡೆ ಮರವೇ ಬಿಳುಪನ್ನು ಕೊಟ್ಟಿತು. ನಮ್ಮ ತೊಟ್ಟಿಲಿನ ಬಿಳುಪು ಇವೆರಡರ ನಡುವಿನದು.

ಇಲ್ಲಿ ಸ್ವಲ್ಪ ಪದಾರ್ಥವಿಜ್ಞಾನವು ಅನಿವಾರ್ಯ. ಸೀಮೆಸುಣ್ಣದ ಪುಡಿ, ಶಂಖದ ಪುಡಿ, ಆರಿದ ಸುಣ್ಣ ಇವು ಮೂರೂ ರಾಸಾಯನಿಕವಾಗಿ ಒಂದೇ ವಸ್ತು. ಒಣಗಿದ ಪುಡಿ ಬೆಳ್ಳಗೆ ಕಾಣುವುದೇಕೆ? ಕಣಕಣದ ನಡುವೆ ಗಾಳಿಯಿದೆ. ಗಾಳಿಯಿಂದ ಕಣಕ್ಕೆ, ಕಣದಿಂದ ಗಾಳಿಗೆ ಹೋಗುವಾಗ ಬೆಳಕು ಅಡಿಗಡಿಗೂ ಬಾಗಿ ಚದರಿಹೋಗುವುದು. ಬಾಗುವಿಕೆಯ ಅಳತೆ ಗಾಳಿಗೆ 1 ಆದರೆ ಈ ಸುಣ್ಣದ ವಸ್ತುವಿಗೆ ಸುಮಾರು 1.6; ವ್ಯತ್ಯಾಸ ದೊಡ್ಡದು. ಈಗ ಗಾಳಿಯನ್ನು ಹೊರಡಿಸಿ ಆ ಸ್ಥಳದಲ್ಲಿ ಅಗಸೆಯ ಎಣ್ಣೆಯನ್ನು ತುಂಬಿದರೆ, ಎಣ್ಣೆಯ ಅಳತೆ 1.48 ಇರುವುದರಿಂದ ವ್ಯತ್ಯಾಸವು ಅಲ್ಪವಾಗಿ, ಬೆಳಕು ಚದರದೆ ಒಳಗೆ ಹಾದುಹೋಗುವುದು. ಅಂದರೆ, ಅಂಟಿನಲ್ಲಿ ತೆಳ್ಳಗೆ ಬಳಿದು ಒಣಗಿದ ಶಂಖದ ಬಿಳುಪಿಗೆ ಎಣ್ಣೆಯನ್ನೋ ಅರಗಿನ ನೀರನ್ನೋ ಕುಡಿಸಿದರೆ ಅದು ಅರೆಪಾರದರ್ಶಕವಾಗುವುದು. ಹೊಸದಾಗಿ ಬಳಿದ ಸುಣ್ಣವು ಹಸಿಯಾಗಿರುವಾಗ ಗೋಡೆಯ ಕಲೆಯನ್ನೆಲ್ಲ ತೋರಿಸಿ, ಒಣಗಿದ ಮೇಲೆ ಬೆಳ್ಳಗಾಗುವುದನ್ನು ಎಲ್ಲರೂ ಕಂಡಿರುವರು. ಅದೂ ಇದೇ ಕಾರಣದಿಂದ. ಹಿಂದಿನ ಬಡಿಗನಿಗೆ ದೊರೆಯುತ್ತಿದ್ದ ಸುಣ್ಣದ ಜಾತಿಯ ಬಿಳುಪುಗಳ ಸ್ವಭಾವವೇ ಹೀಗೆ. ಎಣ್ಣೆ ಬಿದ್ದೊಡನೆ ಮರಕ್ಕೆ ಎಡೆಗೊಡುವ ಬಿಳುಪದು, ಮುಚ್ಚಬೇಕೆಂದರೂ ಮುಚ್ಚಲಾರದು.

ಮುಚ್ಚಬಲ್ಲ ಬಿಳುಪು ಬೇರೆ. ಅದರಲ್ಲಿ ಹಳೆಯದು ಸೀಸದ ಬಿಳುಪು; ಅದರ ಅಳತೆ ಸುಮಾರು 2. ಆದ್ದರಿಂದ ಎಣ್ಣೆಯಲ್ಲಿ ಕಲಸಿದರೂ ಅದು ತನ್ನ ಬಿಳುಪನ್ನು ಬಿಡುವುದಿಲ್ಲ. ಎಣ್ಣೆಯೊಡನೆ ಗಟ್ಟಿಯಾದ ಚರ್ಮದಂತಹ ಪೊರೆಯನ್ನೂ ಕಟ್ಟುವುದು. ಯುರೋಪಿನ ಚಿತ್ರಕಾರರೂ ಮನೆಬಣ್ಣದವರೂ ಶತಮಾನಗಳ ಕಾಲ ಇದನ್ನೇ ನಂಬಿದ್ದರು. ಆದರೆ ಅದು ವಿಷ. ಅದನ್ನು ಅರೆಯುವವರೂ ಬಳಿಯುವವರೂ ಹೊಟ್ಟೆಶೂಲೆಯಿಂದ, ಕೈಕಾಲಿನ ನಿತ್ರಾಣದಿಂದ ನರಳುತ್ತಿದ್ದರು. 1921ರಲ್ಲಿ ಜಿನೀವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಮನೆಗಳ ಒಳಬದಿಯಲ್ಲಿ ಇದನ್ನು ಬಳಿಯುವುದಕ್ಕೆ ವಿರುದ್ಧವಾದ ಒಡಂಬಡಿಕೆಯೊಂದನ್ನು ಮಾಡಿತು. ನಮ್ಮ ದೇಶದಲ್ಲಿ ಮನೆಬಣ್ಣದೊಳಗಿನ ಸೀಸವು ಹತ್ತು ಲಕ್ಷ ಪಾಲಿಗೆ 90 ಪಾಲನ್ನು ಮೀರಬಾರದೆಂಬ ನಿಯಮವಾದದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕೆ ಮುಂಚೆ ಬಳಿದ ಎಣ್ಣೆಬಣ್ಣದಲ್ಲಿ, ಅದು ಬಿಳಿಯದಿರಲಿ ಹಳದಿಯದಿರಲಿ, ಸೀಸವಿಲ್ಲವೆಂದು ಯಾರೂ ಪ್ರಮಾಣ ಮಾಡಲಾರರು. ಹಲ್ಲು ಬರುವ ಮಗುವು ತೊಟ್ಟಿಲಿನ ಅಂಚನ್ನೇ ಕಚ್ಚುವುದೆಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ.

ಸೀಸಕ್ಕೆ ಬದಲಾಗಿ ಬಂದುದು ಸತುವಿನ ಬಿಳುಪು. ಬೀದರದವರು ಇದನ್ನು ಕೇಳಿ ಆಶ್ಚರ್ಯಪಡಬೇಕಾದುದಿಲ್ಲ. ಸತುವು ನಮ್ಮ ಊರಿನ ಲೋಹ. ಬಿದರಿಯ ಪಾತ್ರೆಗೆ ಸುಮಾರು 16 ಪಾಲು ಸತು, 1 ಪಾಲು ತಾಮ್ರ ಕೂಡಿಸಿ ಎರಕ ಹೊಯ್ಯುವುದು. ಕೊರೆದ ಗೆರೆಗಳಲ್ಲಿ ಬೆಳ್ಳಿಯನ್ನು ಬಡಿದು ಕೂಡಿಸುವುದು. ಕಡೆಗೆ ಕೋಟೆಯ ಮಣ್ಣನ್ನು ನವಾಸಾಗರದೊಡನೆ ಕಲಸಿ, ಕಾಸಿದ ಪಾತ್ರೆಗೆ ತಿಕ್ಕಿದರೆ ಲೋಹವು ಕಪ್ಪಾಗಿ ಬೆಳ್ಳಿ ಬೆಳ್ಳಗೇ ಉಳಿಯುವುದು. ಇದೆಲ್ಲ ನಮ್ಮ ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ ಮಾತೊಂದಿದೆ. ಮೂಸೆಯಲ್ಲಿ ಸತುವು 420 ಅಂಶದ ಕಾವಿಗೆ ಕರಗುವುದು. ಕಾವು ಮಿತಿಮೀರಿದರೆ ಹಸಿರು ಛಾಯೆಯ ಜ್ವಾಲೆಯೆದ್ದು, ಹಿಂಜಿದ ಅರಳೆಯಂತಹ ಬಿಳಿಯ ಹೊಗೆ ಹಾರುವುದು. ಯುರೋಪಿನ ಹಳೆಯ ರಸವಾದಿಗಳು ಇದನ್ನು ತತ್ವಜ್ಞಾನಿಗಳ ಉಣ್ಣೆಯೆಂದು ಕರೆಯುತ್ತಿದ್ದರು. ಬಿದರಿಯ ಉಸ್ತಾದನಿಗೆ ಅದು ನಷ್ಟ. ಆ ಹೊಗೆಯನ್ನು ಉಸಿರಿನಲ್ಲಿ ತೆಗೆದುಕೊಂಡರೆ ಜ್ವರವೂ ಬರುವುದು. ಆದರೆ ಬಣ್ಣಗಾರನಿಗೆ ಅದೇ ಬಂಡವಾಳ, ಏಕೆಂದರೆ ಆ ಅರಳೆಯೇ ಸತುವಿನ ಬಿಳುಪು. ಕಪ್ಪು ನೆಲದ ಮೇಲೆ ಬಿಳುಪನ್ನು ಕೂಡಿಸಿ ಲೋಕಪ್ರಸಿದ್ಧವಾದ ಊರಿನಲ್ಲಿ, ಶತಮಾನಗಳಿಂದಲೂ ಇನ್ನೊಂದು ಬಿಳುಪು ಕುಲುಮೆಯಿಂದ ಗಾಳಿಗೆ ಹಾರಿಹೋಗುತ್ತಿತ್ತೆಂಬುದು ನನಗೆ ಬಹು ವಿಚಿತ್ರವಾಗಿ ತೋರುವುದು.

ಲಂಡನ್ನಿನ ವಿನ್ಸರ್ ಮತ್ತು ನ್ಯೂಟನ್ ಎಂಬ ಅಂಗಡಿಯವರು 1834ರಲ್ಲಿ ಇದನ್ನು ನೀರುಬಣ್ಣವಾಗಿ ಮಾರಾಟಕ್ಕೆ ತಂದರು. ಪ್ಯಾರಿಸಿನಲ್ಲಿ ಲೆಕ್ಲೇರ್ ಎಂಬ ಮನೆಬಣ್ಣದ ಗುತ್ತಿಗೆದಾರನು, ತನ್ನ ಕೆಲಸಗಾರರು ಸೀಸದಿಂದ ಸಾಯುವುದನ್ನು ನೋಡಲಾರದೆ, 1840ರ ದಶಕದಲ್ಲಿ ಇದನ್ನು ಎಣ್ಣೆಯಲ್ಲಿ ಬಳಕೆಗೆ ತಂದನು. ಸೀಸದ ಬಿಳುಪು ಗಂಧಕದ ಆವಿ ತಾಗಿದರೆ ಕಪ್ಪಾಗುವುದು, ಸತುವಿನದು ಆಗದು. ಆದರೆ ಎಣ್ಣೆಯಲ್ಲಿ ದಪ್ಪವಾಗಿ ಬಳಿದ ಸತುವಿನ ಬಿಳುಪು ವರ್ಷ ಕಳೆದಂತೆ ಬಿರುಸಾಗಿ ಸೀಳುಬಿಟ್ಟು ಹೊಪ್ಪಳಿಕೆಯಾಗಿ ಉದುರುವುದು. ಅಂತಹ ಬಿಳುಪನ್ನು ತೆಳ್ಳಗೆ ಬಳಿಯುವುದೇ ಕ್ಷೇಮ. ಅದರ ತರುವಾಯ ಟೈಟೇನಿಯಮ್ಮಿನ ಬಿಳುಪು ಬಂದಿತು. ನಾರ್ವೆ, ಅಮೆರಿಕೆಗಳಲ್ಲಿ 1916ರ ಸುಮಾರಿಗೆ ಆರಂಭವಾದ ಈ ಉದ್ಯೋಗಕ್ಕೆ ನಮ್ಮಲ್ಲಿ ಕೇರಳದ ಕಡಲ ಮರಳು ಒದಗಿತು. ತಿರುವನಂತಪುರದಲ್ಲಿ ಇದರ ಕಾರ್ಖಾನೆ 1946ರಲ್ಲಿ ಸ್ಥಾಪಿತವಾಯಿತು. ಇದಕ್ಕೆ ವಿಷದೋಷವಿಲ್ಲ, ಅಗ್ಗ, ಮೇಲಾಗಿ ಇದರ ಅಳತೆ 2.7. ಮುಚ್ಚುವ ಶಕ್ತಿಯಲ್ಲಿ ಇದಕ್ಕೆ ಸಮಾನವಾದ ಬಿಳುಪು ಬಣ್ಣದ ಪೇಟೆಯಲ್ಲಿ ಬೇರೊಂದಿಲ್ಲ. ಈಗ ಡಬ್ಬಿಯಲ್ಲಿ ಬರುವ ಬಿಳಿಯ ಬಣ್ಣದ ಜೀವವೆಲ್ಲ ಇದೇ. ಒಂದೇ ಕೈ ಬಳಿದರೆ ಸಾಗವಾನಿಯೂ ಜಾಲಿಯೂ ಬೇವೂ ಒಂದೇ ಆಗಿಬಿಡುವುವು.

ಇದರ ಪರಿಣಾಮವನ್ನು ನೋಡಬೇಕೆಂದರೆ ಭಾಲ್ಕಿಯ ಹಳೆಯ ಓಣಿಗಳಲ್ಲಿ ಒಮ್ಮೆ ತಿರುಗಾಡಬೇಕು. ಕಲ್ಲಿನ ಕಟ್ಟೆ, ಎರಡು ಕದದ ದೊಡ್ಡ ಬಾಗಿಲು, ಚೌಕಟ್ಟಿನ ಮೇಲ್ಪಟ್ಟಿಯಲ್ಲಿ ಹೂಬಳ್ಳಿ ಕೊರೆದ ಮನೆಗಳು ಅಲ್ಲಿ ಇನ್ನೂ ಇವೆ. ಅಂತಹ ಒಂದು ಬಾಗಿಲಿನ ಮುಂದೆ ನಾನು ನಿಂತು, ಕೊರೆದುದು ಕಮಲವೋ ಸೂರ್ಯನೋ ಎಂದು ಬೆರಳಿನಿಂದ ತಡವಿ ನೋಡಿಯೂ ತಿಳಿಯಲಾರದೆ ಹೋದೆನು. ಮನೆಯ ಯಜಮಾನರು, ಪ್ರತಿ ದೀಪಾವಳಿಗೂ ಬಣ್ಣ ಕೊಡಿಸುತ್ತೇವೆಂದು ಅಭಿಮಾನದಿಂದ ಹೇಳಿದರು. ಉಳಿಯ ಗೆರೆಯ ಆಳ ಒಂದು ಗೋದಿಕಾಳಿನಷ್ಟೂ ಇಲ್ಲದಿರುವಲ್ಲಿ ಇಪ್ಪತ್ತು ದೀಪಾವಳಿಯ ಬಣ್ಣ ಕೂತರೆ ಕೆತ್ತನೆ ಉಳಿಯುವುದೆಂತು? ರಂಗೀನ ಮಹಲಿನ ಕಂಬಗಳಿಗೆ ನಾನೂರು ವರ್ಷಗಳಿಗೂ ಮೇಲಾಯಿತು. ಅವುಗಳ ಮೇಲೆ ಉಳಿ ಎಲ್ಲಿ ತಿರುಗಿತು, ಎಲ್ಲಿ ತಡೆಯಿತು ಎಂಬುದನ್ನು ಇಂದಿಗೂ ಓದಬಹುದು. ನೂರು ವರ್ಷವೂ ತುಂಬದ ಬಾಗಿಲನ್ನು ಓದಲಾಗದು. ಇದರಲ್ಲಿ ಯಜಮಾನರ ತಪ್ಪೇನೂ ಇಲ್ಲ. ಬಣ್ಣ ಬಳಿಯದಿದ್ದರೆ ಬಿಸಿಲು ಮಳೆಗೆ ಮರ ಕೆಡುವುದು ಸತ್ಯ. ಬಳಿಯುವಾಗ ಹಿಂದಿನದನ್ನು ತೆಗೆದು ಬಳಿಯಬೇಕೆಂಬುದನ್ನು ಅವರಿಗೆ ಯಾರೂ ಹೇಳಲಿಲ್ಲ, ಬಣ್ಣದವನಿಗೆ ಅಷ್ಟು ಕೂಲಿಯೂ ಇಲ್ಲ.

ಇನ್ನು ತೊಟ್ಟಿಲಿನ ಸಮಾಚಾರ. ಮೊದಲು ಕರೆದ ಬಣ್ಣಗಾರನು ಒಣಗಿದಂತೆಯೇ ಮರಳುಕಾಗದದಿಂದ ಉಜ್ಜಲು ಕೈಹಾಕಿದನು. ನಾನೂ ಸುಮ್ಮನೆ ನೋಡುತ್ತಿದ್ದೆನೆಂಬುದನ್ನು ಮುಚ್ಚಿಡಲಾರೆ. ಪಡಸಾಲೆಯ ತುಂಬ ಬಿಳಿಯ ಧೂಳೆದ್ದು, ಒಳಕೋಣೆಯಲ್ಲಿ ತುಂಬುಗರ್ಭಿಣಿಯಾದ ಮಗಳು ಕೆಮ್ಮಿದಾಗ ಎಚ್ಚರವಾಯಿತು. ಕೆಲಸವನ್ನು ನಿಲ್ಲಿಸಿ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮಿತ್ರರೊಬ್ಬರಿಗೆ ಹೊಪ್ಪಳಿಕೆಗಳನ್ನು ಕೊಟ್ಟೆನು. ನಿಂಬೆಯ ಹುಳಿ ಹಾಕಿ ನೊರೆ ಬಂದರೆ ಸುಣ್ಣವೆಂದು ತಿಳಿಯಬಹುದೆಂದು ನಾನೆಣಿಸಿದ್ದೆ. ಸೀಸದ ಬಿಳುಪೂ ಹುಳಿಗೆ ನೊರೆ ಕಟ್ಟುವುದೆಂದು ಅವರು ತಿದ್ದಿದರು. ಸೋಡಿಯಂ ಸಲ್ಫೈಡಿನ ನೀರನ್ನು ಒಂದೊಂದು ಹನಿ ಹಾಕಿದಾಗ, ಮೇಲಿನ ಎರಡು ಪದರು ಬಿಳಿಯದಾಗಿಯೇ ಉಳಿದು, ನಡುವಿನವೆಲ್ಲ ಕ್ಷಣಾರ್ಧದಲ್ಲಿ ಕಪ್ಪಾದುವು. ಎಲ್ಲಕ್ಕೂ ಕೆಳಗಿನ ತೆಳುಬಿಳುಪು ಕಪ್ಪಾಗಲಿಲ್ಲ. ಹುಳಿಗೆ ಮಾತ್ರ ನೊರೆ ಕಟ್ಟಿತು. ಸುಣ್ಣದ ಜಾತಿಯದೆಂದಾಯಿತು. ನಮ್ಮ ತಾಯಿಯ ಅಣ್ಣತಮ್ಮಂದಿರ ಕಾಲಕ್ಕೆ ಪ್ರೀತಿಯಿಂದ ಬಳಿಸಿದ ಪದರುಗಳೇ ವಿಷದವು.

ಆಮೇಲೆ ಆದ ಕೆಲಸವನ್ನು ಚಿಕ್ಕದಾಗಿ ಹೇಳುವೆನು, ಏಕೆಂದರೆ ಇಂತಹ ತೊಟ್ಟಿಲು ಅನೇಕ ಮನೆಗಳಲ್ಲಿದೆ. ತೊಟ್ಟಿಲನ್ನು ಮನೆಯಿಂದ ಹೊರಗೆ, ಹಿತ್ತಿಲಿನ ಚಪ್ಪರದಡಿ, ಹಳೆಯ ತಾಡಪತ್ರಿಯ ಮೇಲಿಟ್ಟೆವು. ಗರ್ಭಿಣಿಯರೂ ಮಕ್ಕಳೂ ಅತ್ತ ಸುಳಿಯದಂತೆ ಕಟ್ಟುಮಾಡಿದೆವು. ಬಣ್ಣ ಕೀಳುವ ಔಷಧವನ್ನು ಬಳಿದು, ನೀರು ಚಿಮುಕಿಸುತ್ತ, ಮರದ ಚೂಪುಗಡ್ಡಿಗಳಿಂದಲೂ ಮೊಂಡು ಉಳಿಯಿಂದಲೂ ಎಬ್ಬಿಸಿದರು. ಒಣಗಿಸಿ ಉಜ್ಜಲಿಲ್ಲ, ಬೆಂಕಿಯನ್ನು ತೋರಿಸಲಿಲ್ಲ. ಕೆಲಸಗಾರರು ಬಾಯಿಮೂಗಿಗೆ ಒಳ್ಳೆಯ ಮುಸುಕು ಕಟ್ಟಿಕೊಂಡು, ಸಂಜೆ ಕೈಕಾಲು ತೊಳೆದು ಬಟ್ಟೆ ಬದಲಿಸಿ ಮನೆಗೆ ಹೋದರು. ಕಾಸ್ಟಿಕ್ ಸೋಡಾದಲ್ಲಿ ನೆನಸಿದರೆ ಬೇಗ ಆಗುವುದೆಂದು ಒಬ್ಬರು ಸಲಹೆ ಕೊಟ್ಟರು. ಕ್ಷಾರ ತಾಗಿದರೆ ಒಗರಿನ ಮರ ಕಂದುವುದು. ಸುಣ್ಣ ಬಳಿಯುವಾಗ ಜಾಲಿಯ ಚೌಕಟ್ಟಿಗೆ ಸಿಡಿದ ಹನಿಗಳು ಕಂದುಕಲೆಯಾಗಿ ನಿಲ್ಲುವುದು ಇದೇ ಕಾರಣದಿಂದ. ಆದುದರಿಂದಲೇ ತೆಳುಬಿಳುಪಿಗೆ ಹಸಿಸುಣ್ಣವನ್ನು ಎಲ್ಲ ಮರಕ್ಕೂ ಬಳಸಬಾರದು. ಮಾವಿನಂತಹ ಬಿಳಿಚು ಮರಕ್ಕೆ ನಡೆದೀತು, ಜಾಲಿಗೆ ಸಲ್ಲದು. ಸಾಗವಾನಿಯಲ್ಲಿ ಹುಟ್ಟುಜಿಡ್ಡು ಇರುವುದರಿಂದ ಮೊದಲು ಸ್ಪಿರಿಟ್ಟಿನಲ್ಲಿ ಒರಸದೆ ಯಾವ ಲೇಪವೂ ಹಿಡಿಯದು.

ಹತ್ತನೆಯ ದಿನ ಗಿಳಿಗಳಿಗೆ ಕೊಕ್ಕು ಬಂದಿತು. ಒಂದು ಗಿಳಿಯು ಬಾಯಲ್ಲಿ ಹಣ್ಣು ಹಿಡಿದಿತ್ತೆಂಬುದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ.

ಬಿಳುಪು ಹಾಕುವ ಕೆಲಸಕ್ಕೆ ಭಾಲ್ಕಿಯ ಬಡಿಗರೊಬ್ಬರು ಒಪ್ಪಿದರು. ನಯವಾಗಿ ಜರಡಿ ಹಿಡಿದ ಸೀಮೆಸುಣ್ಣವನ್ನು ತಿಳಿಯಾದ ವಜ್ರದ ಅಂಟಿನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಕುಂಚದಿಂದಲ್ಲ, ಹತ್ತಿಯ ಬಟ್ಟೆಯಿಂದ ಮರಕ್ಕೆ ತಿಕ್ಕಿದರು. ಆರುವುದಕ್ಕೆ ಮುಂಚೆಯೇ ಇನ್ನೊಂದು ಬಟ್ಟೆಯಿಂದ ಎಳೆಗೆ ಅಡ್ಡಲಾಗಿ ಒರಸಿ, ಕೊನೆಗೆ ಎಳೆಯ ಉದ್ದಕ್ಕೆ ಕೈಯಾಡಿಸಿದರು. ಹೀಗೆ ಮಾಡಿದರೆ ಬಿಳುಪು ಮರದ ರಂಧ್ರಗಳಲ್ಲಿಯೂ ಉಳಿಗೆರೆಗಳಲ್ಲಿಯೂ ನಿಂತು, ಉಬ್ಬಿನ ಮೇಲೆ ಒಂದು ಛಾಯೆ ಮಾತ್ರ ಉಳಿಯುವುದು. ಯುರೋಪಿನಲ್ಲಿಯೂ ಓಕ್ ಮರದ ಪೀಠೋಪಕರಣಗಳಿಗೆ ಸುಣ್ಣವನ್ನು ಎಳೆಗಳೊಳಗೆ ತಿಕ್ಕಿ ಒರಸಿಬಿಡುವ ಪದ್ಧತಿಯಿದೆ. ಕೈಯ ಚಲನೆ ಒಂದೇ. ಒಣಗಿದ ಮೇಲೆ ಬಿಳುಪು ಸುಂದರವಾಗಿ ಕಂಡಿತು. ಅದು ಕೈಗೆ ಹತ್ತದಂತೆ ಅರಗಿನ ಲೇಪ ಕೊಡಬೇಕಾಗಿತ್ತು. ಸಹಜವಾದ ಅರಗು ಹಳದಿ, ಬಿಳುಪಿಗೆ ಹೊಂದದು. ಕ್ಲೋರಿನ್ನಿನ ಸಂಯುಕ್ತದಿಂದ ಅದರ ಹಳದಿಯನ್ನು ಕಳೆದು ಬಿಳಿಯ ಅರಗನ್ನು ಮಾಡುವರು. ಅರಗಿನ ಶಾಸ್ತ್ರಕ್ಕಾಗಿಯೇ ರಾಂಚಿಯ ಹತ್ತಿರದ ನಾಮಕುಮದಲ್ಲಿ 1924ರಲ್ಲಿ ಸಂಶೋಧನಾಲಯವೊಂದು ಸ್ಥಾಪಿತವಾಯಿತೆಂಬುದನ್ನು ಪ್ರಾಸಂಗಿಕವಾಗಿ ಹೇಳಬಹುದು. ಆ ಬಿಳಿಯ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಒಂದು ಕೈ ಬಳಿದೊಡನೆ ಬಡಿಗರು ಗಾಬರಿಯಾಗಿ, “ಏನ್ರಿ ಮಾಸ್ತರ್, ಬಿಳುಪೆಲ್ಲಾ ಓಡಿ ಹೋಯ್ತಲ್ರಿ!” ಎಂದರು.

ಮೇಲೆ ಹೇಳಿದ ಪದಾರ್ಥವಿಜ್ಞಾನವನ್ನು ನಾನು ಓದಿ ಬಲ್ಲೆನಾದರೂ ಆ ಕ್ಷಣಕ್ಕೆ ನನಗೂ ನೆನಪಾಗಲಿಲ್ಲ. ಅರಗಿನ ಅಳತೆ 1.5ರ ಸುಮಾರು, ಸೀಮೆಸುಣ್ಣವು ಅದರಲ್ಲಿ ಮುಳುಗಿ ಪಾರದರ್ಶಕವಾಗದೆ ಮತ್ತೇನಾದೀತು? ಒಳಬದಿಯ ಹಲಗೆಯೊಂದರ ಮೇಲೆ ಪರೀಕ್ಷೆ ಮಾಡುತ್ತ ಹೋದೆವು. ಎಂಟು ಪಾಲು ಸೀಮೆಸುಣ್ಣಕ್ಕೆ ಒಂದು ಪಾಲು ಸತುವಿನ ಬಿಳುಪನ್ನು ಕೂಡಿಸಿದಾಗ ಹದ ಸಿಕ್ಕಿತು. ಅರಗು ಬಿದ್ದ ಮೇಲೆ ಸೀಮೆಸುಣ್ಣವು ಮರಕ್ಕೆ ದಾರಿಬಿಟ್ಟು ನಿಂತಿತು. ಸತುವು ತನ್ನ ಬಿಳುಪನ್ನು ಬಿಡಲಿಲ್ಲ. ಎರಡು ಪಾಲು ಹಾಕಿ ನೋಡಿದೆವು. ಎ�ಳೆಗಳು ಮಸುಕಾದುವು, ತೊಟ್ಟಿಲು ಮತ್ತೆ ಡಬ್ಬಿಯ ಬಣ್ಣದಂತೆ ಕಾಣತೊಡಗಿತು. ಒಂದಕ್ಕೇ ನಿಂತೆವು. ಅರಗಿನದು ತೆಳ್ಳನೆಯ ಎರಡು ಕೈ, ನಡುವೆ ಒಂದು ದಿನದ ವಿರಾಮ. ಅರಗಿಗೆ ಬದಲಾಗಿ ಅಗಸೆಯ ಎಣ್ಣೆಯನ್ನು ಬಳಸುವವರು ವಾರಗಟ್ಟಲೆ ಕಾಯಬೇಕು. ಎಣ್ಣೆ ಒರಸಿದ ಬಟ್ಟೆಗಳನ್ನು ಮುದ್ದೆಯಾಗಿ ಬಿಸಾಡದೆ ಹರಡಿ ಒಣಗಿಸಬೇಕು, ಏಕೆಂದರೆ ಅವು ತಾವಾಗಿಯೇ ಕಾವೇರಿ ಹೊತ್ತಿಕೊಳ್ಳುವುದುಂಟು. ಅರಗಿಗೆ ನೀರೂ ಬಿಸಿಯೂ ಆಗದು. ಒದ್ದೆ ದುಪ್ಪಟಿಯನ್ನು ತೊಟ್ಟಿಲಿನ ಅಂಚಿಗೆ ಹರವಿದರೆ ಬಿಳಿಯ ಮಚ್ಚೆ ಬೀಳುವುದೆಂದು ಮನೆಯ ಹೆಂಗಸರಿಗೆ ಹೇಳಿದ್ದೇನೆ. ಬಿಸಿಲು ಮಳೆಗೆ ಒಡ್ಡಿದ ಹೊರಬಾಗಿಲಿಗೆ ಈ ವಿಧಾನವು ಸರ್ವಥಾ ಸಲ್ಲದು. ಅದಕ್ಕೆ ಎಣ್ಣೆಯ ಲೇಪವೇ ಬೇಕು. ಪ್ರತಿಸಲವೂ ಹಳೆಯದನ್ನು ಇಳಿಸಿ ಬಳಿಯಲೂ ಬೇಕು.

ತೊಟ್ಟಿಲನ್ನು ಕಂಡು ಸೋದರಮಾವನವರು ಮೊದಲು ಮುಖ ಗಂಟಿಕ್ಕಿದರು. ಇಷ್ಟು ಖರ್ಚುಮಾಡಿ ಬಣ್ಣವೇ ಕೊಡಿಸಲಿಲ್ಲವೇ ಎಂದು ಕೇಳಿದರು. ಹತ್ತಿರ ಕೂತು ಗಿಳಿಯ ರೆಕ್ಕೆಯ ಮೇಲೆ ಬೆರಳಾಡಿಸಿದ ಮೇಲೆ ಸುಮ್ಮನಾದರು. ಔರಾದಿಗೆ ಹಿಂದಿರುಗುವಾಗ, ತಮ್ಮ ಮನೆಯ ದೇವರ ಮಂಟಪಕ್ಕೂ ಎಷ್ಟು ಪದರು ಕೂತಿದೆಯೋ ನೋಡಬೇಕೆಂದು, ಬಡಿಗರ ಮನೆಯ ಗುರುತನ್ನು ಕೇಳಿ ಬರೆದುಕೊಂಡು ಹೋದರು.